ಸಾಲಿನ ನಡುವೆ ನಡೆಯಲು ಕಲಿತ ಯಂತ್ರ

ಶಿಕಾಗೋದಿಂದ ಪಶ್ಚಿಮಕ್ಕೆ ಹೊರಟರೆ ಒಂದು ತಾಸಿನೊಳಗೆ ಕಟ್ಟಡಗಳೆಲ್ಲ ಹಿಂದುಳಿದು ಗೋವಿನಜೋಳ ಶುರುವಾಗುತ್ತದೆ. ಶುರುವಾದದ್ದು ಮುಗಿಯುವುದಿಲ್ಲ. ಇಲಿನಾಯ್ ಕಳೆದು, ಮಿಸಿಸಿಪಿ ದಾಟಿ, ಅಯೋವಾ ಹೊಕ್ಕರೂ ಅದೇ ಹಸಿರು ಗೋಡೆ ರಸ್ತೆಯ ಎರಡೂ ಬದಿಗೆ ನಿಂತಿರುತ್ತದೆ. ನಾನು ಹೋದದ್ದು ಆಗಸ್ಟ್ ಕೊನೆಯ ವಾರ. ತೆನೆ ಬಲಿತಿತ್ತು, ತುದಿಯ ಸೂಲಂಗಿ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಕಾರಿನ ಕಿಟಕಿಯಿಂದ ನೋಡುತ್ತಿದ್ದರೆ ಸಾಲುಗಳು ಬೀಸಣಿಗೆಯ ಕಡ್ಡಿಗಳಂತೆ ಒಂದೊಂದಾಗಿ ಬಿಚ್ಚಿಕೊಂಡು ಮುಚ್ಚಿಕೊಳ್ಳುತ್ತಿದ್ದವು. ಒಂದು ಕ್ಷಣ ಸಾಲಿನ ನಡುವಿನ ಕಪ್ಪು ಮಣ್ಣು ತುದಿಯವರೆಗೂ ಕಾಣುತ್ತದೆ, ಮರುಕ್ಷಣ ಇಲ್ಲ.

ಕಾರು ನಡೆಸುತ್ತಿದ್ದವನು ನನ್ನ ಅಕ್ಕನ ಮಗ. ಶಿಕಾಗೋದಲ್ಲಿ ಕೆಲಸಕ್ಕಿದ್ದಾನೆ.

"ಮಾಮಾ, ಇಲ್ಲಿಗೆ ಬಂದವರೆಲ್ಲಾ ನಯಾಗರಾ ನೋಡಾಕ ಹೋಗ್ತಾರ. ನೀವು ಹಳೇ ಟ್ರ್ಯಾಕ್ಟರ್ ನೋಡಾಕ ಹೊಂಟೀರಿ."

"ನಯಾಗರಾ ಎಲ್ಲಿ ಹೋಗತೈತಿ? ಅದು ಅಲ್ಲೇ ಇರತೈತಿ. ಈ ಗಾಡಿ ಗೊತ್ತಿದ್ದ ಮಂದಿ ಇರೂದಿಲ್ಲಪಾ" ಅಂದೆ.

ಅವನಿಗೆ ಅಷ್ಟು ಹೇಳಿದೆ. ನಿಜವಾದ ಕಾರಣ ಹಾವೇರಿ ಸೀಮೆಯ ನಮ್ಮ ಹೊಲದಲ್ಲಿದೆ. ಕೂರಿಗೆಯಿಂದ ಬಿತ್ತಿದ ಪೈರು ಗೇಣುದ್ದ ಎದ್ದ ಮೇಲೆ ಅಪ್ಪ ಎಡೆಕುಂಟೆ ಹೂಡುತ್ತಿದ್ದ. ಬಾಯಾಡಿಸಿ ಪೈರು ಹಾಳುಮಾಡಬಾರದೆಂದು ಎತ್ತುಗಳ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದರು. ಎಡೆ ಎಂದರೆ ಎರಡು ಸಾಲುಗಳ ನಡುವಿನ ಜಾಗ. ದೇವರ ಮುಂದೆ ಇಡುವ ಊಟಕ್ಕೂ ಅದೇ ಹೆಸರು. ಆ ಜಾಗದೊಳಗೆ ಕುಂಟೆಯ ಕುಡ ಸರಿದು ಕಳೆಯ ಬೇರು ಕೊಯ್ಯಬೇಕು, ಎರಡಂಗುಲ ಆಚೆಗಿರುವ ಸಸಿಯನ್ನು ಮುಟ್ಟಬಾರದು. ಮೇಳಿ ಹಿಡಿದ ಅಪ್ಪ ಎತ್ತುಗಳ ಕಡೆ ನೋಡಿದ್ದು ನನಗೆ ನೆನಪಿಲ್ಲ. ಅವನ ಕಣ್ಣು ಸದಾ ಕುಡದ ಮೇಲೇ ಇರುತ್ತಿತ್ತು. ಹಿಂದೆ ನಡೆಯುತ್ತ, ಮಣ್ಣು ಬಿದ್ದು ಮುಚ್ಚಿಹೋದ ಸಸಿಗಳನ್ನು ಬೆರಳಿನಿಂದ ಬಿಡಿಸುವುದು ನನ್ನ ಕೆಲಸ.

ದೊಡ್ಡವನಾದ ಮೇಲೆ ಟ್ರ್ಯಾಕ್ಟರುಗಳ ಚರಿತ್ರೆ ಓದತೊಡಗಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಉಳುವ ಯಂತ್ರ ಬೇಗ ಬಂತು, ಎಡೆ ಹೊಡೆಯುವ ಯಂತ್ರ ಬಹಳ ತಡವಾಗಿ ಬಂತು. ಎಳೆಯುವ ಬಲ ಎಂಜಿನ್ನಿಗೆ ಮೊದಲೇ ಇತ್ತು. ಸಸಿಯ ಪಕ್ಕದಲ್ಲಿ ಸಸಿಗೆ ನೋವಾಗದಂತೆ ನಡೆಯುವುದನ್ನು ಅದು ಕಲಿಯಬೇಕಾಗಿತ್ತು. ಆ ಕಲಿಕೆ ನಡೆದ ನೆಲವನ್ನು ನೋಡಬೇಕೆಂದು ನಾನು ಹೊರಟಿದ್ದೆ.

ಅಯೋವಾದ ಫ್ರೋಲಿಕ್ ಎಂಬ ಸಣ್ಣ ಹಳ್ಳಿಯ ಜಾನ್ ಫ್ರೋಲಿಕ್ 1892ರಲ್ಲಿ ಪೆಟ್ರೋಲ್ ಎಂಜಿನ್ನನ್ನು ಗಾಲಿಗಳ ಮೇಲೆ ಕೂರಿಸಿ ಮುಂದಕ್ಕೂ ಹಿಂದಕ್ಕೂ ಓಡಿಸಿ ತೋರಿಸಿದ. ಆಮೇಲೆ ಅದೇ ರಾಜ್ಯದ ಚಾರ್ಲ್ಸ್ ಸಿಟಿಯಲ್ಲಿ ಹಾರ್ಟ್ ಮತ್ತು ಪಾರ್ ಎಂಬಿಬ್ಬರು ಎಂಜಿನಿಯರುಗಳು ಕಾರ್ಖಾನೆಯನ್ನೇ ತೆರೆದರು. ಆ ಕಾಲದ ಯಂತ್ರಗಳು ಆನೆಯಂಥವು. ಹುಲ್ಲುಗಾವಲಿನ ಬಿರುಸು ನೆಲವನ್ನು ಸೀಳುತ್ತಿದ್ದವು, ಉದ್ದನೆಯ ಪಟ್ಟಾ ಹಾಕಿದರೆ ಒಕ್ಕಣೆ ಯಂತ್ರವನ್ನೂ ತಿರುಗಿಸುತ್ತಿದ್ದವು. ಬಿತ್ತಿದ ಮೇಲೆ ಮಾತ್ರ ಹೊಲದೊಳಕ್ಕೆ ಅವುಗಳಿಗೆ ಪ್ರವೇಶವಿಲ್ಲ.

1917ರಲ್ಲಿ ಹೆನ್ರಿ ಫೋರ್ಡ್‌ನ ಫೋರ್ಡ್‌ಸನ್ ಬಂತು. ಗಿಡ್ಡ, ಅಗ್ಗ, ಯಾರ ಕೈಗಾದರೂ ಎಟಕುವಂಥದು. 1922ರಲ್ಲಿ ಫೋರ್ಡ್ ಅದರ ಬೆಲೆಯನ್ನು 395 ಡಾಲರಿಗೆ ಇಳಿಸಿದಾಗ ಉಳಿದ ಕಂಪನಿಗಳು ತತ್ತರಿಸಿದವು. ಶಿಕಾಗೋದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ತಾನೂ ಬೆಲೆ ಇಳಿಸಿ, ಮೇಲೊಂದು ನೇಗಿಲನ್ನು ಪುಕ್ಕಟೆ ಕೊಟ್ಟಿತು. ಕೊಯ್ಲು ಯಂತ್ರದ ಮ್ಯಾಕ್‌ಕಾರ್ಮಿಕ್ ಮನೆತನ, ಅವರ ಪ್ರತಿಸ್ಪರ್ಧಿ ಡೀರಿಂಗ್ ಮತ್ತಿತರರು 1902ರಲ್ಲಿ ಒಂದುಗೂಡಿ ಕಟ್ಟಿದ ಕಂಪನಿ ಅದು. ಬೇಸಾಯದ ಸಲಕರಣೆಗಳಲ್ಲಿ ಅದಕ್ಕಿಂತ ದೊಡ್ಡವರು ಆ ದೇಶದಲ್ಲಿರಲಿಲ್ಲ. ಅಂಥವರ ಬುಡ ಅಲುಗಾಡಿತು.

ಆದರೆ ಫೋರ್ಡ್‌ಸನ್ನಿನ ಹೊಟ್ಟೆ ನೆಲಕ್ಕೆ ಹತ್ತಿರ. ಅದನ್ನು ಗೋವಿನಜೋಳದ ಸಾಲಿಗೆ ಬಿಟ್ಟರೆ ಕಳೆಯ ಜೊತೆ ಬೆಳೆಯೂ ನೆಲ ಕಚ್ಚುತ್ತದೆ. ಹಾಗಾಗಿ ಟ್ರ್ಯಾಕ್ಟರ್ ಕೊಂಡ ರೈತನೂ ಕೊಟ್ಟಿಗೆಯ ಕುದುರೆಗಳನ್ನು ಮಾರುವಂತಿರಲಿಲ್ಲ. ಉಳುಮೆಗೆ ಟ್ರ್ಯಾಕ್ಟರ್, ಎಡೆ ಹೊಡೆಯಲು ಕುದುರೆ. ಒಂದಕ್ಕೆ ಎಣ್ಣೆ, ಇನ್ನೊಂದಕ್ಕೆ ವರ್ಷವಿಡೀ ಓಟ್ಸ್ ಮತ್ತು ಹುಲ್ಲು. 1920ರ ಸುಮಾರಿಗೆ ಅಮೆರಿಕದ ಹೊಲಗಳಲ್ಲಿ ಕುದುರೆ, ಹೇಸರಗತ್ತೆ ಸೇರಿ ಎರಡೂವರೆ ಕೋಟಿ ಪ್ರಾಣಿಗಳಿದ್ದವು. ಅವುಗಳಿಗೆ ಮೇವು ಬೆಳೆಯಲೆಂದೇ ಅಪಾರ ಭೂಮಿ ಹೋಗುತ್ತಿತ್ತು.

ಆ ನಾಡಿನ ಸಾಲುಗಳ ಅಳತೆಯನ್ನು ನಿಗದಿ ಮಾಡಿದ್ದೂ ಕುದುರೆಯೇ. ಸಾಲಿನಿಂದ ಸಾಲಿಗೆ 40, 42 ಅಂಗುಲ, ಅಂದರೆ ಕುದುರೆಯ ಮೈ ಎರಡು ಸಾಲುಗಳ ನಡುವೆ ಹಿಡಿಸುವಷ್ಟು. ಬಿತ್ತುವಾಗ ಹೊಲದ ಈ ತುದಿಯಿಂದ ಆ ತುದಿಗೆ ಗಂಟುಗಳಿರುವ ತಂತಿ ಎಳೆಯುತ್ತಿದ್ದರು. ಗಂಟು ಬಂದಲ್ಲೆಲ್ಲ ಕೂರಿಗೆಯ ಬಾಯಿ ತೆರೆದು ಕಾಳು ಬೀಳುತ್ತಿತ್ತು. ಹೀಗೆ ಬಿತ್ತಿದ ಹೊಲ ಚೌಕಾಬಾರದ ಹಾಸಿನಂತೆ. ಉದ್ದಕ್ಕೂ ಎಡೆ ಹೊಡೆಯಬಹುದು, ಅಡ್ಡಕ್ಕೂ ಹೊಡೆಯಬಹುದು. ನಮ್ಮಲ್ಲಿ ಮೆಣಸಿನ ಸಸಿಯನ್ನು ಚೌಕಕ್ಕೆ ನೆಟ್ಟು ಎರಡೂ ಕಡೆ ಎಡೆ ಹೊಡೆಯುತ್ತಿದ್ದುದು ಇದನ್ನು ಓದಿದಾಗ ಕಣ್ಣ ಮುಂದೆ ಬಂತು. ಕಳೆಯ ಕಾಟ ಎಲ್ಲ ಕಡೆ ಒಂದೇ, ಅದಕ್ಕೆ ಹೂಡುವ ಉಪಾಯವೂ ಹೆಚ್ಚುಕಡಿಮೆ ಒಂದೇ.

ಮೂರು ತಾಸಿನ ದಾರಿ ಮುಗಿದಾಗ ನದಿ ಕಂಡಿತು. ನಕ್ಷೆಯಲ್ಲಿ ಮಿಸಿಸಿಪಿ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. ರಾಕ್ ಐಲಂಡ್ ಊರಿನ ಹತ್ತಿರ ಮಾತ್ರ ಅದು ಮಗ್ಗುಲಾಗಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ನಾವು ದಡದಲ್ಲಿ ನಿಂತಾಗ ಸೂರ್ಯ ನದಿಯ ಮುಖದ ಮೇಲೇ ಇಳಿಯುತ್ತಿದ್ದ. ಆಚೆ ದಡದ ಡೇವನ್‌ಪೋರ್ಟ್ ಊರಿಗೆ ಸೇತುವೆ. ಪಕ್ಕದ ಮೊಲೀನ್ ಹಸಿರು ಬಣ್ಣದ ಜಾನ್ ಡಿಯರ್ ಟ್ರ್ಯಾಕ್ಟರುಗಳ ತವರು. ಹಸಿರಿನವರಿಗೂ ಕೆಂಪಿನವರಿಗೂ ಇಲ್ಲಿ ಬಹುಕಾಲ ನೆರೆಮನೆಯ ಹಗೆ.

ಕೆಂಪು ಟ್ರ್ಯಾಕ್ಟರಿನ ತವರು ಈ ರಾಕ್ ಐಲಂಡ್. ಮೊಲೀನ್ ಪ್ಲೋ ಎಂಬ ಕಂಪನಿ 'ಯೂನಿವರ್ಸಲ್' ಹೆಸರಿನ ವಿಚಿತ್ರ ಯಂತ್ರವೊಂದನ್ನು ಮಾಡುತ್ತಿತ್ತು. ಮುಂದೆ ಎರಡು ದೊಡ್ಡ ಗಾಲಿ, ಅವುಗಳ ಮೇಲೆ ಎಂಜಿನ್, ಹಿಂದೆಲ್ಲೋ ಕುಳಿತ ರೈತ. ಕುದುರೆ ಬಿಚ್ಚಿ ಅದೇ ಜಾಗಕ್ಕೆ ಎಂಜಿನ್ ಹೂಡಿದ ಹಾಗೆ. ಎಡೆ ಹೊಡೆಯಬಲ್ಲ ಯಂತ್ರದ ಕಡೆಗೆ ಅದೊಂದು ನಿಜವಾದ ಹೆಜ್ಜೆ. ಆದರೆ ಬೆಲೆ ಹೆಚ್ಚು, ಕಾಲ ಕೆಟ್ಟದ್ದು; ಕಂಪನಿ ಸೋತಿತು. ಅದರ ಇಲ್ಲಿನ ಟ್ರ್ಯಾಕ್ಟರ್ ಕಾರ್ಖಾನೆಯನ್ನು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1924ರಲ್ಲಿ ಕೊಂಡಿತು. 1926ರಿಂದ ಅಲ್ಲಿ 'ಫಾರ್ಮಾಲ್' ತಯಾರಾಗತೊಡಗಿತು. ಫಾರ್ಮ್ ಮತ್ತು ಆಲ್ ಕೂಡಿದ ಹೆಸರು, ಹೊಲದ ಎಲ್ಲ ಕೆಲಸಕ್ಕೂ ಒಂದೇ ಯಂತ್ರ ಎಂಬ ಅರ್ಥ.

ಹಾರ್ವೆಸ್ಟರ್‌ನವರೂ ಮೊದಲು ಬಿದ್ದು ಎದ್ದವರೇ. 1917ರ ಸುಮಾರಿಗೆ ಅವರು ಎಡೆ ಹೊಡೆಯಲೆಂದೇ ಒಂದು ಮೋಟಾರ್ ಬಂಡಿ ಮಾಡಿದರು. ಭಾರ ಮೇಲಿತ್ತು, ಇಳಿಜಾರಿನಲ್ಲಿ ಮಗುಚಿಕೊಳ್ಳುತ್ತಿತ್ತು. ಎಡೆ ಹೊಡೆಯುವುದೊಂದನ್ನು ಬಿಟ್ಟು ಬೇರೆ ಯಾವ ಕೆಲಸಕ್ಕೂ ಬಾರದು. ಅದನ್ನು ಕೈಬಿಟ್ಟರು, ಅದರ ಹಿಂದಿದ್ದ ಆಸೆಯನ್ನು ಬಿಡಲಿಲ್ಲ. ಬರ್ಟ್ ಬೆಂಜಮಿನ್, ಎಡ್ವರ್ಡ್ ಜಾನ್‌ಸ್ಟನ್ ಎಂಬ ಎಂಜಿನಿಯರುಗಳು ಮಾದರಿಯ ಮೇಲೆ ಮಾದರಿ ಮಾಡಿ ಮುರಿದು ಕಟ್ಟಿದರು. 1924ರಲ್ಲಿ 200 ಫಾರ್ಮಾಲ್‌ಗಳನ್ನು ಹೊಲಗಳಿಗೆ ಬಿಟ್ಟು ನೋಡಿದರು. ಹೊಸದು ತಮ್ಮದೇ ಹಳೆಯ ಟ್ರ್ಯಾಕ್ಟರುಗಳ ವ್ಯಾಪಾರ ಕೆಡಿಸೀತೆಂಬ ಅಂಜಿಕೆ ಕಂಪನಿಯೊಳಗೇ ಇತ್ತು. ಅದಕ್ಕೇ ಸದ್ದಿಲ್ಲದೆ, ದೂರದ ಟೆಕ್ಸಸ್‌ನ ಹತ್ತಿ ಹೊಲಗಳಲ್ಲಿ ಮಾರಾಟ ಶುರು ಮಾಡಿದರು. ರೈತ ಒಮ್ಮೆ ನೋಡಿದ ಮೇಲೆ ಅಂಜಿಕೆಗೆ ಅರ್ಥವುಳಿಯಲಿಲ್ಲ. 1930ರ ಏಪ್ರಿಲ್ ಹೊತ್ತಿಗೆ 1,00,000ನೆಯ ಫಾರ್ಮಾಲ್ ಹೊರಬಂದಿತ್ತು. ಅಷ್ಟರಲ್ಲಿ ಫೋರ್ಡ್ ಅಮೆರಿಕದಲ್ಲಿ ಫೋರ್ಡ್‌ಸನ್ ಮಾಡುವುದನ್ನೇ ನಿಲ್ಲಿಸಿದ್ದ.

1985ರಲ್ಲಿ ರಾಕ್ ಐಲಂಡ್ ಕಾರ್ಖಾನೆ ಮುಚ್ಚಿತು. ಅರವತ್ತು ವರ್ಷ ಒಂದು ಊರಿಗೆ ಅನ್ನ ಹಾಕಿದ ಜಾಗ. ನದಿಯ ಕಟ್ಟೆಯ ಮೇಲೆ ಮೀನು ಹಿಡಿಯುತ್ತಿದ್ದ ಹಿರಿಯರೊಬ್ಬರು ತಮ್ಮ ತಂದೆಯೂ ತಾವೂ ಅಲ್ಲಿ ದುಡಿದವರೆಂದು ಹೇಳಿ, ಪೂರ್ವಕ್ಕೆ ಕೈ ತೋರಿಸಿ, ಮತ್ತೆ ಗಾಳದ ಕಡೆ ತಿರುಗಿದರು. ನಾನೂ ಕೆದಕಲಿಲ್ಲ.

ಮರುದಿನ ಮೌಂಟ್ ಪ್ಲೆಸೆಂಟ್. ಅಯೋವಾದ ಆಗ್ನೇಯ ಮೂಲೆಯ ಈ ಪುಟ್ಟ ಊರಿನಲ್ಲಿ 1950ರಿಂದ ಪ್ರತಿವರ್ಷ ಸೆಪ್ಟೆಂಬರ್ ಮೊದಲ ಸೋಮವಾರ ಮುಗಿಯುವಂತೆ ಐದು ದಿನ ಹಳೆಯ ಒಕ್ಕಲು ಯಂತ್ರಗಳ ಜಾತ್ರೆ ನೆರೆಯುತ್ತದೆ. ಜಾತ್ರೆ ಎಂಬ ಮಾತನ್ನು ಯೋಚಿಸಿಯೇ ಬರೆದಿದ್ದೇನೆ. ಅಜ್ಜ, ಮಗ, ಮೊಮ್ಮಗ ಒಂದೇ ಬಂಡಿಯಲ್ಲಿ ಬಂದಿರುತ್ತಾರೆ. ಉಗಿ ಯಂತ್ರಗಳು ಕಲ್ಲಿದ್ದಲ ಹೊಗೆ ಬಿಡುತ್ತ ಸಿಳ್ಳೆ ಹಾಕುತ್ತವೆ, ಸಣ್ಣ ಉಗಿ ರೈಲು ಮೈದಾನ ಸುತ್ತುತ್ತದೆ, ಪಟ್ಟಾ ಹಾಕಿದ ಒಕ್ಕಣೆ ಯಂತ್ರ ಹೊಟ್ಟು ತೂರುತ್ತದೆ. ಟ್ರ್ಯಾಕ್ಟರುಗಳ ಸಾಲು ಕಣ್ಣು ಹರಿಯುವಷ್ಟು ದೂರ. ಹಸಿರು, ಕೆಂಪು, ಕಿತ್ತಳೆ, ಬೂದು. ಗಾಳಿಯಲ್ಲಿ ಸೀಮೆಎಣ್ಣೆ, ಕಲ್ಲಿದ್ದಲು, ಹುರಿದ ಗೋವಿನಜೋಳದ ವಾಸನೆ ಬೆರೆತಿತ್ತು.

ಬೂದು ಬಣ್ಣದ ಒಂದು ಹಳೆಯ ಫಾರ್ಮಾಲ್‌ನ ಮುಂದೆ ನಾನು ನಿಂತೇಬಿಟ್ಟೆ. ಹುಡುಕಿಕೊಂಡು ಬಂದದ್ದು ಇದನ್ನೇ. ಕೆಂಪು ಬಣ್ಣ ಅವರಿಗೆ ಹತ್ತಿದ್ದು 1936ರಲ್ಲಿ. ಅದಕ್ಕೂ ಮೊದಲು ಎಲ್ಲವೂ ಬೂದು. ಮುಂದಿನ ಎರಡು ಪುಟ್ಟ ಗಾಲಿಗಳು ಒಂದಕ್ಕೊಂದು ತಾಗಿಕೊಂಡಂತೆ ಜೋಡಿಯಾಗಿದ್ದವು. ಹಿಂದಿನವು ಎದೆಯೆತ್ತರದ ಕಬ್ಬಿಣದ ಗಾಲಿಗಳು, ಮೈತುಂಬ ಹಲ್ಲು. ದೂರದಿಂದ ನೋಡಿದರೆ ಮೂರು ಗಾಲಿಯ ಬಂಡಿಯಂತೆ ಕಾಣುತ್ತದೆ. ಗೋವಿನಜೋಳದ ಎರಡು ಸಾಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಎಲ್ಲ ತಿಳಿಯುತ್ತದೆ. ಮುಂದಿನ ಜೋಡಿ ಎರಡು ಸಾಲುಗಳ ನಡುವಿನ ಎಡೆಯಲ್ಲಿ ನಡೆಯುತ್ತದೆ. ಹಿಂದಿನ ಗಾಲಿಗಳು ಆ ಎರಡು ಸಾಲುಗಳ ಹೊರಬದಿಯ ಎಡೆಗಳಲ್ಲಿ. ಹಿಂದಿನ ಅಚ್ಚನ್ನು ಗಿಯರ್ ಪೆಟ್ಟಿಗೆಗಳ ಮೇಲೆ ಎತ್ತರಿಸಿ ಕೂರಿಸಿದ್ದಾರೆ, ಬೆಳೆದ ಪೈರು ಅದರಡಿಯಿಂದ ತಲೆ ಬಗ್ಗಿಸಿ ಪಾರಾಗಲೆಂದು. ಇಡೀ ಯಂತ್ರ ಮೊಣಕಾಲೆತ್ತರದ ಒಂದು ಸಸಿಯ ಸುತ್ತ ಬಾಗಿಕೊಂಡು ನಿಂತಿದೆ. ಯಾವ ಎಂಜಿನಿಯರನೋ ಕಾಗದದ ಮೇಲೆ ಮೊದಲು ಸಸಿ ಬರೆದು, ಆಮೇಲೆ ಗಾಲಿ ಬರೆದಿರಬೇಕು ಎನ್ನಿಸಿತು.

ಅದರ ಯಜಮಾನರು ಎಂಬತ್ತರ ಆಸುಪಾಸಿನವರು. ನನ್ನ ಆಸಕ್ತಿ ಕಂಡು ಸ್ಟಿಯರಿಂಗ್ ಪೂರಾ ತಿರುಗಿಸಿ ತೋರಿಸಿದರು. ಮುಂದಿನಿಂದ ಹಿಂದಕ್ಕೆ ಎಳೆದ ಉಕ್ಕಿನ ಹಗ್ಗವೊಂದು ಬಿಗಿಯಾಗಿ, ಒಳಬದಿಯ ಹಿಂದಿನ ಗಾಲಿಗೆ ತಾನಾಗಿಯೇ ಬ್ರೇಕ್ ಬಿತ್ತು. ಆ ಗಾಲಿ ಗೂಟವಾಗುತ್ತದೆ, ಉಳಿದದ್ದು ಅದರ ಸುತ್ತ ತಿರುಗುತ್ತದೆ. ಬದುವಿನ ಹತ್ತಿರ ಬಂದ ರೈತ ಪಕ್ಕದ ಸಾಲಿಗೆ ಹೊರಳಬೇಕಲ್ಲ! ಎತ್ತುಗಳಿಗೆ ನಾವು ಹಗ್ಗ ಜಗ್ಗಿ ಬಾಯಿಂದ ಹೇಳುತ್ತಿದ್ದ ಮಾತನ್ನು ಈ ತಂತಿ ಹೇಳುತ್ತದೆ. ಎಡೆಕುಂಟೆಯ ಕುಡಗಳು ಚಾಲಕನ ಮುಂದೆಯೇ ಜೋಡಣೆಯಾಗುತ್ತಿದ್ದವು, ಸ್ಟಿಯರಿಂಗ್ ಹೊರಳಿಸಿದ ಕಡೆಗೆ ಅವೂ ಸರಿಯುತ್ತಿದ್ದವು. ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಚಾಲಕನ ಕಣ್ಣಿನೆದುರು ಉದ್ದನೆಯ ಎಂಜಿನ್. ಸಾಲು ನೋಡಲು ಅವನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕತ್ತು ಚಾಚಿ ಬಗ್ಗಬೇಕು, ದಿನವಿಡೀ.

ಮುಂದಿನ ಹದಿನೈದು ವರ್ಷದ ಕಥೆ ಬೇಗ ಹೇಳಬಹುದು. 1932ರಲ್ಲಿ ಸಣ್ಣ ಹಿಡುವಳಿಯವರಿಗಾಗಿ ಎಫ್-12 ಬಂತು. ಎತ್ತರಕ್ಕೆಂದು ಇದ್ದ ಗಿಯರ್ ಪೆಟ್ಟಿಗೆಗಳನ್ನು ಕಿತ್ತುಹಾಕಿ ಗಾಲಿಗಳನ್ನೇ ದೊಡ್ಡದು ಮಾಡಿದರು. ಗಾಲಿಗಳನ್ನು ಅಚ್ಚಿನ ಮೇಲೆ ಒಳಕ್ಕೂ ಹೊರಕ್ಕೂ ಜರುಗಿಸಿ ಸಾಲಿನ ಅಗಲಕ್ಕೆ ಹೊಂದಿಸಿಕೊಳ್ಳುವುದು ಸಲೀಸಾಯಿತು. ಅದೇ 1932ರಲ್ಲಿ ಕಿತ್ತಳೆ ಬಣ್ಣದ ಅಲಿಸ್-ಚಾಮರ್ಸ್ ಕಂಪನಿ ವಿಸ್ಕಾನ್ಸಿನ್‌ನ ಒಂದು ಹೊಲದಲ್ಲಿ ಟ್ರ್ಯಾಕ್ಟರಿಗೆ ಗಾಳಿ ತುಂಬಿದ ರಬ್ಬರ್ ಟೈರು ಹಾಕಿ ಓಡಿಸಿತು. ಮೊದಲು ಹಾಕಿ ನೋಡಿದ್ದು ವಿಮಾನದ ಟೈರುಗಳನ್ನು. ಜನ ನಂಬಲೆಂದು ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಹೆಸರಾಂತ ರೇಸ್ ಚಾಲಕನನ್ನು ಕರೆಸಿ ಗಂಟೆಗೆ 64 ಮೈಲಿ ವೇಗದಲ್ಲಿ ಟ್ರ್ಯಾಕ್ಟರ್ ಹೊಡೆಸಿದರು. ಹತ್ತು ವರ್ಷ ಕಳೆಯುವುದರೊಳಗೆ ಕಬ್ಬಿಣದ ಗಾಲಿ ಹಳೆಯ ಮಾತಾಯಿತು. ಮೌಂಟ್ ಪ್ಲೆಸೆಂಟ್ ಮೆರವಣಿಗೆಯಲ್ಲಿ ಕಬ್ಬಿಣದ ಗಾಲಿಯ ಫಾರ್ಮಾಲ್ ಕಲ್ಲುನೆಲದ ಮೇಲೆ ಹಾದುಹೋದಾಗ ನನ್ನ ಹಲ್ಲುಗಳೇ ಕಟಕಟಿಸಿದವು. ಅದರ ಮೇಲೆ ಹತ್ತು ತಾಸು ಕೂತವರ ಬೆನ್ನೆಲುಬಿಗೆ ರಬ್ಬರ್ ಎಂಥ ವರವಾಗಿರಬೇಕು!

ನಿಧಾನವಾಗಿ ಹೇಳಬೇಕಾದ್ದು 1939ರ ಫಾರ್ಮಾಲ್ 'ಎ'. ಪ್ಯಾರಿಸ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರಾದ ವಿನ್ಯಾಸಕಾರ ರೇಮಂಡ್ ಲೋವಿ ಆ ವರ್ಷದ ಮಾದರಿಗಳಿಗೆ ರೂಪ ಕೊಟ್ಟ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ ಪ್ರಸಿದ್ಧ ಲಾಂಛನವೂ ಅವನದೇ: ಕಪ್ಪು 'ಎಚ್' ಅಕ್ಷರದ ನಡುವೆ ಕೆಂಪು 'ಐ'. ಮುಂದಿನಿಂದ ನೋಡಿದ ಟ್ರ್ಯಾಕ್ಟರಿನ ಮೇಲೆ ಒಬ್ಬ ರೈತ ಕುಳಿತಿದ್ದಾನೆ ಎಂದು ಮಗುವಿಗೂ ಗೊತ್ತಾಗುತ್ತದೆ. ಆದರೆ 'ಎ'ಯ ಹೆಚ್ಚುಗಾರಿಕೆ ಅದರ ಚೆಲುವಿಗೂ ಮೀರಿದ್ದು. ಎಂಜಿನ್ನನ್ನು ನಡುಮಧ್ಯದಿಂದ ಎಡಕ್ಕೆ ಸರಿಸಿದರು, ಚಾಲಕನ ಆಸನವನ್ನು ಬಲಕ್ಕೆ. ಈಗ ಅವನ ಕಾಲುಗಳ ನಡುವಿನಿಂದ ನೆಲದವರೆಗೂ ಅಡ್ಡಿಯಿಲ್ಲದ ನೋಟ. ಸಸಿ, ಅದರ ಎರಡೂ ಬದಿಯ ಕುಡ, ಕುಡದ ಬಾಯಲ್ಲಿ ಸೀಳುತ್ತಿರುವ ಮಣ್ಣು, ಎಲ್ಲವೂ ನೇರ ಕಣ್ಣ ಕೆಳಗೆ. ಕಂಪನಿ ಇದನ್ನು 'ಕಲ್ಟಿ-ವಿಷನ್' ಎಂದು ಕರೆಯಿತು.

ಒಂದು ಬದಿಗೆ ಜರುಗಿದ ಆ ಎಂಜಿನ್ನನ್ನು ನೋಡುತ್ತ ನನಗೆ ಅಪ್ಪನ ಕಣ್ಣು ನೆನಪಾಯಿತು. ಎತ್ತುಗಳ ಹಿಂದೆ ನಡೆಯುವವನಿಗೆ ಈ ನೋಟ ಪುಕ್ಕಟೆಯಾಗಿತ್ತು. ಎತ್ತುಗಳು ಎರಡು ಬದಿಗೆ, ನಡುವೆ ಬಯಲು, ಬಯಲಿನಲ್ಲಿ ಸಾಲು. ಯಂತ್ರ ಬಂದು ಆ ಬಯಲನ್ನು ಮುಚ್ಚಿತ್ತು. ಅದನ್ನು ಮತ್ತೆ ತೆರೆದುಕೊಟ್ಟವರು ಎಂಜಿನ್ನಿನ ಶಕ್ತಿಯನ್ನೇನೂ ಹೆಚ್ಚಿಸಲಿಲ್ಲ. ಅಡ್ಡ ನಿಂತದ್ದನ್ನು ಪಕ್ಕಕ್ಕೆ ಸರಿಯಲು ಹೇಳಿದರು, ಅಷ್ಟೆ. ಟ್ರ್ಯಾಕ್ಟರುಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆಯೆಂದು ಹಲವರು ಫರ್ಗ್ಯೂಸನ್‌ನ ಮೂರು ಕೊಂಡಿಯ ಹೈಡ್ರಾಲಿಕ್ ಜೋಡಣೆಯನ್ನು ಹೇಳುತ್ತಾರೆ. ಅಮೆರಿಕದ ಮಾರುಕಟ್ಟೆಗೆ ಅದು ಬಂದದ್ದೂ 1939ರಲ್ಲೇ, ಇಂದಿನ ಟ್ರ್ಯಾಕ್ಟರುಗಳೆಲ್ಲ ಅದರ ಸಂತಾನ. ಅದನ್ನು ಅಲ್ಲಗಳೆಯಲಾರೆ. ಆದರೆ ಎಡೆ ಹೊಡೆದವರ ಮಗನಾಗಿ ನನ್ನ ಮನಸ್ಸು 'ಎ'ಯ ಕಡೆಗೇ.

'ಎ'ಯ ತಮ್ಮ 'ಕಬ್', ಅಂದರೆ ಮರಿ. ಅದರದೇ ಓರೆ ಮೈ, ಇನ್ನೂ ಕಿರಿದು. ಎರಡನೆಯ ಮಹಾಯುದ್ಧದಲ್ಲಿ ಸರಕು ವಿಮಾನ ಕಟ್ಟುತ್ತಿದ್ದ ಕೆಂಟಕಿಯ ಲೂಯಿವಿಲ್ ಕಾರ್ಖಾನೆಯನ್ನು ಹಾರ್ವೆಸ್ಟರ್ ಕೊಂಡು, 1947ರಲ್ಲಿ ಅಲ್ಲಿಂದ ಕಬ್ ಹೊರಬಿಟ್ಟಿತು. ತರಕಾರಿಯವರು, ತಂಬಾಕಿನವರು, ಒಂದು ಜೊತೆ ಹೇಸರಗತ್ತೆಯಿಂದ ಬದುಕು ಸಾಗಿಸುತ್ತಿದ್ದ ಸಣ್ಣ ಹಿಡುವಳಿಯವರು ಅದರ ಗಿರಾಕಿಗಳು. ನಾಲ್ಕು ಸಿಲಿಂಡರಿನ 60 ಘನ ಅಂಗುಲದ ಎಂಜಿನ್, ಶಕ್ತಿ 9 ಅಶ್ವಶಕ್ತಿಯಷ್ಟು, ಮುಂದಕ್ಕೆ ಮೂರು ಗಿಯರ್. ನೀರಿನ ಪಂಪೇ ಇಲ್ಲ. ಬಚ್ಚಲ ಹಂಡೆಯಲ್ಲಿ ಕಾದ ನೀರು ಮೇಲೇಳುವಂತೆ ಎಂಜಿನ್ನಿನ ಬಿಸಿನೀರು ತಾನೇ ಮೇಲೇರಿ, ರೇಡಿಯೇಟರಿನಲ್ಲಿ ತಣಿದು ಕೆಳಗಿಳಿಯುತ್ತದೆ. ಕೆಡಬಹುದಾದ ಭಾಗ ಒಂದು ಕಡಿಮೆ. ಹೆಸರು ಬಣ್ಣಗಳಲ್ಲಿ ಬದಲಾವಣೆಯಾದರೂ 1979ರವರೆಗೆ ಅದು ತಯಾರಾಗುತ್ತಲೇ ಇತ್ತು. ಎರಡು ಲಕ್ಷಕ್ಕೂ ಹೆಚ್ಚು ಹೊರಬಂದವು.

ಕಬ್‌ಗಳ ಸಾಲಿನಲ್ಲಿದ್ದ ರೈತರೊಬ್ಬರು ನನ್ನ ಕೈಗೆ ಹ್ಯಾಂಡಲ್ ಕೊಟ್ಟರು. ಕೊಡುವ ಮೊದಲು ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳಲು ಹೇಳಿದರು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ. ನಮ್ಮೂರಿನ ಹಳೆಯ ಪಂಪ್‌ಸೆಟ್ ಎಂಜಿನ್ನಿಗೂ ಇದೇ ಪಾಠವಿತ್ತು. ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತ. ಎರಡನೆಯ ಸಲಕ್ಕೆ ಅದು ಎದ್ದಿತು. ಗುಡುಗಿಲ್ಲ, ಅಬ್ಬರವಿಲ್ಲ. ಹೊಲಿಗೆ ಯಂತ್ರಕ್ಕೆ ಸ್ವಲ್ಪ ಗಂಟಲು ಬಂದಂತೆ ಒಂದೇ ಸಮನೆಯ ಸದ್ದು.

ಅಕ್ಕನ ಮಗ ಆ ಲಾಂಛನವನ್ನೇ ನೋಡುತ್ತ, "ಮಾಮಾ, ಇದು ಅಜ್ಜಾ ಹೇಳ್ತಿದ್ದ ಇಂಟರ್‌ನ್ಯಾಷನಲ್ ಅಲ್ಲೇನ್ರಿ?" ಅಂದ.

ಹೌದು. ಬಳ್ಳಿ ಅಲ್ಲಿಯವರೆಗೂ ಹಬ್ಬಿದೆ. 1963ರಲ್ಲಿ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಜೊತೆ ಸೇರಿ ಭಾರತದಲ್ಲಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದರು. ಅವರು ಮೊದಲು ಮಾಡಿದ ಬಿ-275, ಹಾರ್ವೆಸ್ಟರ್‌ನ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಕಾರ್ಖಾನೆಯ ಮಾದರಿ. ಫಾರ್ಮಾಲ್‌ನ ನೇರ ಮಗನಲ್ಲದಿದ್ದರೂ ಅದೇ ಮನೆತನದ ಕೆಂಪು. ನಮ್ಮ ಸೀಮೆಗೆ ಅದು ಬಂದಾಗ ಉಳುಮೆಗೆ, ಹೇರಿಗೆ ಬಂತು. ಎಡೆ ಹೊಡೆಯಲು ಎತ್ತುಗಳೇ ಉಳಿದವು. ಅಮೆರಿಕದ ಫೋರ್ಡ್‌ಸನ್ ಕಾಲ ನಮ್ಮಲ್ಲಿ ಐವತ್ತು ವರ್ಷ ತಡವಾಗಿ ನಡೆಯಿತು.

ಆ ಜಾತ್ರೆಯ ಸಂಭ್ರಮದಲ್ಲಿ ನನ್ನನ್ನು ಬಿಡದೆ ಕಾಡಿದ ಚಿತ್ರವೊಂದಿದೆ. 1938ರಲ್ಲಿ ಡೊರೊಥಿಯಾ ಲ್ಯಾಂಗ್ ಟೆಕ್ಸಸ್‌ನ ಚಿಲ್‌ಡ್ರೆಸ್ ಕೌಂಟಿಯಲ್ಲಿ ತೆಗೆದ ಛಾಯಾಚಿತ್ರ. ಬಯಲಿನ ನಡುವೆ ಬಿಟ್ಟುಹೋದ ಒಂದು ಮನೆ. ಟ್ರ್ಯಾಕ್ಟರಿನ ಸಾಲುಗಳು ಬಳುಕುತ್ತ ಬಂದು ಆ ಮನೆಯ ಬಾಗಿಲಿಗೇ ಮುಟ್ಟಿವೆ. ಮನುಷ್ಯರಿಲ್ಲ. ಹತ್ತಿ ಹೊಲಗಳಲ್ಲಿ ಗೇಣಿಗೆ, ಪಾಲಿಗೆ ಮಾಡುತ್ತಿದ್ದ ಕುಟುಂಬಗಳನ್ನು ಹೊರಗೆ ಕಳಿಸಿ, ಹತ್ತಾರು ಕುಟುಂಬಗಳ ಭೂಮಿಯನ್ನು ಒಂದೆರಡು ಟ್ರ್ಯಾಕ್ಟರುಗಳಿಂದ ಮಾಡಿಸಿದ ಕಾಲ ಅದು. ಸಸಿಯನ್ನು ಉಳಿಸಲು ಕಲಿತ ಯಂತ್ರವೇ ಸಸಿ ನೆಟ್ಟವರನ್ನು ಎಬ್ಬಿಸಿತು. ಮೂರು ಗಾಲಿಯಂತಿದ್ದ ಆ ಮೈಕಟ್ಟು ಇಳಿಜಾರಿನಲ್ಲಿ ಮಗುಚಿ ಎಷ್ಟೋ ರೈತರ ಜೀವವನ್ನೂ ತೆಗೆದಿದೆ. ಬೂದು ಫಾರ್ಮಾಲ್‌ನ ಯಜಮಾನರ ಅಣ್ಣ ಹಾಗೆಯೇ ಹೋದರಂತೆ, ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಅದನ್ನು ಹೇಳುವಾಗ ಅವರ ಕೈ ಟ್ರ್ಯಾಕ್ಟರಿನ ಮೂತಿಯ ಮೇಲೆ, ಹಸುವಿನ ಹಣೆ ಸವರುವಂತೆ ಇತ್ತು. ಪ್ರೀತಿಯೂ ದುಃಖವೂ ಒಂದೇ ಕಬ್ಬಿಣದ ಮೇಲೆ ಇರಬಲ್ಲವು. ಕುದುರೆಗಳ ಮಾತಂತೂ ಹೇಳುವುದೇ ಬೇಡ. ಎರಡೂವರೆ ಕೋಟಿಯಿದ್ದವು 1960ರ ಹೊತ್ತಿಗೆ 30 ಲಕ್ಷಕ್ಕೆ ಇಳಿದಿದ್ದವು.

ಅಲ್ಲಿಂದ ಉತ್ತರಕ್ಕೆ ನಾಲ್ಕು ತಾಸು ಹೋಗಿ ಮ್ಯಾಡಿಸನ್ ಸೇರಿದೆವು. ವಿಸ್ಕಾನ್ಸಿನ್ ಚಾರಿತ್ರಿಕ ಸಂಘದಲ್ಲಿ ಮ್ಯಾಕ್‌ಕಾರ್ಮಿಕ್ ಮತ್ತು ಹಾರ್ವೆಸ್ಟರ್ ಕಂಪನಿಯ ಕಾಗದಪತ್ರ, ಚಿತ್ರಗಳೆಲ್ಲ ಇವೆ. ಜಾಹೀರಾತುಗಳಲ್ಲಿ ಕಬ್ ಓಡಿಸುವವರ ಮುಖ ನೋಡುತ್ತ ಕುಳಿತಾಗ ಒಂದು ವಿಷಯ ಮನಸ್ಸಿಗೆ ಬಂದು ಕೈ ನಿಂತಿತು. ಕಬ್ ಮಾರುಕಟ್ಟೆಗೆ ಬಂದದ್ದು 1947. ಅದಕ್ಕೆ ಒಂದೆರಡು ವರ್ಷ ಮೊದಲಷ್ಟೇ 2,4-ಡಿ ಎಂಬ ಕಳೆನಾಶಕ ಅಂಗಡಿಗೆ ಬಂದಿತ್ತು. ಅಗಲ ಎಲೆಯ ಕಳೆಯನ್ನು ಕೊಂದು ಗೋವಿನಜೋಳವನ್ನು ಬಿಡುವ ಔಷಧ. ಯಂತ್ರ ಮೂವತ್ತು ವರ್ಷ ಒದ್ದಾಡಿ, ಎಂಜಿನ್ನನ್ನೇ ಪಕ್ಕಕ್ಕೆ ಸರಿಸಿ, ಕೊನೆಗೂ ಕಳೆ ತೆಗೆಯುವ ವಿದ್ಯೆಯಲ್ಲಿ ಪಳಗಿತ್ತು. ಅಷ್ಟರಲ್ಲಿ ಕಳೆ ತೆಗೆಯುವ ಕೆಲಸವೇ ಸಿಂಪಡಣೆಗೆ ಹೋಗತೊಡಗಿತ್ತು. ಕುದುರೆ ಹೋದ ಮೇಲೆ ಸಾಲುಗಳೂ 30 ಅಂಗುಲಕ್ಕೆ ಕಿರಿದಾದವು. ಇಲಿನಾಯ್‌ನಲ್ಲಿ ನಾನು ನೋಡಿದ ಆ ಹಸಿರು ಗೋಡೆಯೊಳಗೆ ಎಡೆ ಹೊಡೆಯಲು ಈಗ ಬಹುಪಾಲು ಯಾರೂ ಹೋಗುವುದಿಲ್ಲ.

ಮ್ಯಾಡಿಸನ್ ಹೊರಗೆ ಒಂದು ತರಕಾರಿ ತೋಟವಿತ್ತು. ಔಷಧ ಹೊಡೆಯದೆ ಬೆಳೆಯುವವರು. ಅಂಥವರ ಹೊಲಗಳಲ್ಲಿ ಕಬ್ ಇನ್ನೂ ದುಡಿಯುತ್ತದೆ. ಅದರ ಜೊತೆಗೆ ಅಲಿಸ್-ಚಾಮರ್ಸ್‌ನ 'ಜಿ' ಎಂಬ ಇನ್ನೊಂದು ಪುಟಾಣಿ ಟ್ರ್ಯಾಕ್ಟರೂ ಇರುತ್ತದೆ. 1948ರಲ್ಲಿ ಬಂದದ್ದು, ಎಂಜಿನ್ ಪೂರಾ ಚಾಲಕನ ಬೆನ್ನ ಹಿಂದೆ, ಮುಂದೆ ಬರೀ ಕೊಳವೆಯ ಚೌಕಟ್ಟು. ಕೆಟ್ಟುಬೀಳುವ ಎಂಜಿನ್ ಕಿತ್ತು ಬ್ಯಾಟರಿ ಮೋಟಾರು ಕೂರಿಸಿಕೊಂಡವರೂ ಇದ್ದಾರೆ.

ತೋಟದ ಒಡತಿ ಮೂವತ್ತೈದು ವಯಸ್ಸಿನ ಹೆಣ್ಣುಮಗಳು. ಅವರ ಕಬ್ ಅವರಿಗಿಂತ ಎರಡು ಪಟ್ಟು ಹಿರಿಯದು. ಆಗಸ್ಟ್ ಮೊದಲಿಗೆ ಬಿತ್ತಿದ ಬೀಟ್‌ರೂಟ್ ಆಗತಾನೆ ಮೂರು ನಾಲ್ಕೆಲೆ ಬಿಟ್ಟಿತ್ತು. ಎಡೆಯಲ್ಲಿ ದಂಟಿನಂಥ ಕಳೆ ತುಂಬಿತ್ತು. ಒಂದು ಸುತ್ತು ಅವರೇ ಹೊಡೆದು ತೋರಿಸಿದರು. ಆಮೇಲೆ ನನ್ನತ್ತ ನೋಡಿದರು. ನನ್ನ ಮಂಡಿ ಕೇಳುವುದಿಲ್ಲ. ಅಕ್ಕನ ಮಗನನ್ನು ಹತ್ತಿಸಿದೆ.

"ಮಾಮಾ, ನನಗ ಬರೂದಿಲ್ರಿ. ಬೆಳಿ ಕೆಡಸ್ತೀನಿ."

"ಮುಂದ ನೋಡಬ್ಯಾಡ. ಕೆಳಗ ನೋಡು. ಕುಡದ ಮ್ಯಾಲೆ ಕಣ್ಣಿರಲಿ, ಗಾಡಿ ತಾನ ಹೋಗತೈತಿ."

ಮೊದಲ ಹತ್ತು ಹೆಜ್ಜೆ ಅದು ತೂರಾಡಿತು. ಒಂದೆರಡು ಸಸಿ ಹೋದವು. ಒಡತಿ ಏನೂ ಅನ್ನಲಿಲ್ಲ. ಆಮೇಲೆ ಅವನ ಭುಜ ಇಳಿಯಿತು, ಕತ್ತು ಬಾಗಿತು. ಎಂಜಿನ್ನಿನ ಬಲಕ್ಕೆ ಓರೆಯಾಗಿ ಕುಳಿತ ಅವನ ಕಣ್ಣು ಎರಡು ಕುಡಗಳ ನಡುವಿನ ಅಂಗೈಯಗಲದ ಜಾಗದಲ್ಲಿ ನಿಂತಿತು. ಕಬ್ ಅದೇ ಸಣ್ಣ ಸದ್ದಿನಲ್ಲಿ ನೇರಕ್ಕೆ ನಡೆಯಿತು. ಎರಡೂ ಬದಿಗೆ ಕಪ್ಪು ಮಣ್ಣು ಮಗ್ಗುಲಾಗುತ್ತಿತ್ತು, ಬೇರು ಕಡಿದ ಕಳೆ ಬಿಸಿಲಿಗೆ ಹೊರಳುತ್ತಿತ್ತು, ನಡುವೆ ಬೀಟ್‌ರೂಟಿನ ಕೆಂಪು ದಂಟುಗಳು ಒಂದೊಂದಾಗಿ ಪಾರಾಗಿ ಹಿಂದೆ ಉಳಿಯುತ್ತಿದ್ದವು.

ನಾನು ಹಿಂದೆ ನಡೆದೆ. ಒಂದು ಕಡೆ ಹೆಂಟೆ ಉರುಳಿ ಸಸಿಯೊಂದು ಮುಚ್ಚಿಹೋಗಿತ್ತು. ಕೂತು, ಬೆರಳಿನಿಂದ ಮಣ್ಣು ಸರಿಸಿ, ಅದರ ಎಲೆ ಬಿಡಿಸಿದೆ.